ಗೇಮಿಂಗ್ ಕಂಪ್ಯೂಟರ್‌ಗೂ ಬೇಕು ‘ಮ್ಯಾಚಿಂಗ್’!

ಮಕ್ಕಳು ತಂದ ಬಿಡಿಭಾಗಗಳ ಪಟ್ಟಿಗೆ ದುಡ್ಡು ಕೊಡುವ ಮುನ್ನ ಒಂದರ್ಧ ಗಂಟೆ ಕುಳಿತು ಇಷ್ಟನ್ನು ನೋಡಿ

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಹಲವು ಮನೆಗಳಲ್ಲಿ ಈಗ ಒಂದೇ ರಾಗ. ‘ಅಮ್ಮಾ, ಗೇಮಿಂಗ್ ಪಿಸಿ ಬೇಕು. ರೆಡಿಮೇಡ್ ಬೇಡ, ಪಾರ್ಟ್ಸ್ ತಂದು ಜೋಡಿಸೋಣ, ದುಡ್ಡು ಉಳಿಯುತ್ತೆ’ ಅಂತ ಮಗನೋ ಮಗಳೋ ಒಂದು ಪಟ್ಟಿ ಹಿಡಿದು ಹಿಂದೆ ಮುಂದೆ ಸುತ್ತುತ್ತಾರೆ. ಪಟ್ಟಿ ನೋಡಿದರೆ ಬರೀ ಅಕ್ಷರ, ಅಂಕಿ. ಬಿ650 ಅಂತೆ, ಡಿಡಿಆರ್5 ಅಂತೆ, 5060 ಅಂತೆ! ತಲೆಬುಡ ತಿಳಿಯುವುದಿಲ್ಲ. ಕೊನೆಯಲ್ಲಿ ಬರೆದ ಮೊತ್ತ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ!

ಆಗ ನೀವೇನು ಮಾಡುತ್ತೀರಿ? ‘ನಂಗೆ ಅದೆಲ್ಲ ಗೊತ್ತಾಗಲ್ಲ, ನಿಮ್ಮಪ್ಪನ್ನ ಕೇಳು’ ಅಂತ ಜಾರಿಕೊಳ್ಳುತ್ತೀರಿ. ಇಲ್ಲವೇ ಪೀಡೆ ತಡೆಯಲಾರದೆ ಆರ್.ಡಿ. ದುಡ್ಡು ತೆಗೆದು ಕೈಗಿಡುತ್ತೀರಿ. ಎರಡೂ ಬೇಡ. ಪೆನ್ಸಿಲ್ ಹಿಡಿದು ಮಕ್ಕಳ ಜೊತೆ ಕುಳಿತರೆ ಆ ಪಟ್ಟಿಯನ್ನು ನೀವೇ ಪರೀಕ್ಷಿಸಬಹುದು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಸೀರೆ ಹಿಡಿದು ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ರವಿಕೆ ಬಟ್ಟೆ, ಲೈನಿಂಗ್, ಫಾಲ್ಸ್ ಆರಿಸುವ ತಾಳ್ಮೆ ಇದ್ದರೆ ಸಾಕು.

ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂತೀರಾ? ಬಿಡಿಭಾಗಗಳು ಒಂದೊಂದೂ ಒಳ್ಳೆಯದೇ ಇರಬಹುದು. ಆದರೆ ಒಂದಕ್ಕೊಂದು ಹೊಂದದಿದ್ದರೆ ಕಂಪ್ಯೂಟರ್ ಏಳುವುದೇ ಇಲ್ಲ. ಐದು ಲೀಟರ್ ಕುಕ್ಕರಿಗೆ ಮೂರು ಲೀಟರಿನ ಗ್ಯಾಸ್ಕೆಟ್ ತಂದ ಹಾಗೆ! ಗ್ಯಾಸ್ಕೆಟ್ ಆದರೆ ಅಂಗಡಿಯವನು ಬದಲಿಸಿ ಕೊಟ್ಟಾನು. ಸೀಲ್ ಒಡೆದ ಪ್ರೊಸೆಸರ್ ಡಬ್ಬಿಯನ್ನು ವಾಪಸ್ ತೆಗೆದುಕೊಳ್ಳಲು ಎಷ್ಟೋ ಅಂಗಡಿಗಳವರು ಒಪ್ಪುವುದಿಲ್ಲ.

ಮೊದಲು ಪಟ್ಟಿಯಲ್ಲಿ ಇರಬೇಕಾದವು: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕೂಲರ್, ಕ್ಯಾಬಿನೆಟ್, ಮಾನಿಟರ್. ಇವುಗಳಲ್ಲಿ ಯಾವುದಕ್ಕೆ ಯಾವುದು ಕೂಡಬೇಕು ಅಂತ ಒಂದೊಂದಾಗಿ ನೋಡೋಣ.

ಪ್ರೊಸೆಸರ್ - ಮದರ್‌ಬೋರ್ಡ್: ಮೊದಲ ಜೋಡಿ

ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ ಎನ್ನುತ್ತಾರೆ. ಎರಡಕ್ಕೂ ಒಂದೇ ಸಾಕೆಟ್ ಇರಬೇಕು. ಇಂಟೆಲ್ ಪ್ರೊಸೆಸರ್ ಎಎಂಡಿಯ ಬೋರ್ಡಿನಲ್ಲಿ ಕೂರುವುದಿಲ್ಲ. ಒಂದೇ ಕಂಪನಿಯದಾದರೂ ತಲೆಮಾರು ಬೇರೆಯಾದರೆ ಮತ್ತೆ ತೊಡಕು. ಎಎಂಡಿಯಲ್ಲಿ ರೈಜನ್ 5000 ಸರಣಿಯವರೆಗೆ ಸಾಮಾನ್ಯವಾಗಿ ಎಎಂ4 ಸಾಕೆಟ್. 2022ರಲ್ಲಿ ಬಂದ ರೈಜನ್ 7000 ಸರಣಿಯಿಂದ ಎಎಂ5. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ1700. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ1851.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ. ‘ಈ ಪ್ರೊಸೆಸರ್‌ದು ಯಾವ ಸಾಕೆಟ್? ಬೋರ್ಡ್‌ದು ಯಾವುದು?’ ಅಂತ ಮಗುವನ್ನೇ ಕೇಳಿ, ಎರಡು ಉತ್ತರವನ್ನೂ ಪಕ್ಕಪಕ್ಕ ಬರೆಯಿಸಿ. ಒಂದೇ ಇದ್ದರೆ ಟಿಕ್ ಹಾಕಿ.

ಇಲ್ಲೊಂದು ಸೂಕ್ಷ್ಮವಿದೆ. ಸಾಕೆಟ್ ಒಂದೇ ಇದ್ದರೂ ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್‌ನ ಗುರುತು ಸಿಗದಿರಬಹುದು. ಬೋರ್ಡಿನೊಳಗಿನ ಬಯೋಸ್ ಎಂಬ ತಂತ್ರಾಂಶ ಹೊಸದಾಗಿರಬೇಕು. ಬಿ450 ಬೋರ್ಡಿಗೆ ರೈಜನ್ 5000 ಹಾಕುವಾಗ ಇದೇ ಸಮಸ್ಯೆ ಬರುತ್ತದೆ. ‘ಬಯೋಸ್ ಅಪ್‌ಡೇಟ್ ಮಾಡೇ ಕೊಡ್ತೀರಾ?’ ಅಂತ ಅಂಗಡಿಯಲ್ಲೇ ಕೇಳಿಬಿಡಿ.

ರ‍್ಯಾಮ್: ಹಳೆಯದು ನಡೆಯೋಲ್ಲ

ನಾವು ಗೃಹಿಣಿಯರಿಗೆ ಹಳೆಯದನ್ನು ಬಿಸಾಡಲು ಮನಸ್ಸು ಬಾರದು. ‘ಅಟ್ಟದ ಮೇಲಿರೋ ಹಳೇ ಕಂಪ್ಯೂಟರಿನ ರ‍್ಯಾಮ್ ಹಾಕಿಸಿದರಾಗದಾ?’ ಎಂಬ ಪ್ರಶ್ನೆ ಸಹಜ. ಆಗುವುದಿಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಬೇರೆ ಬೇರೆ. ಪಟ್ಟಿಯ ಕೆಳಗಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಅದು ಒಳಗೇ ಇಳಿಯದು. ಒತ್ತಿ ಕೂರಿಸಲು ಹೋದರೆ ಬೋರ್ಡೇ ಮುರಿದೀತು.

ಎಎಂ4 ಬೋರ್ಡಿಗೆ ಡಿಡಿಆರ್4 ಮಾತ್ರ, ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ1700 ಬೋರ್ಡುಗಳಲ್ಲಿ ಎರಡು ಬಗೆಯೂ ಇವೆ. ಹಾಗಾಗಿ ಬೋರ್ಡಿನ ಪೂರ್ತಿ ಹೆಸರನ್ನು ಓದಿಯೇ ರ‍್ಯಾಮ್ ಕೊಳ್ಳಬೇಕು.

16 ಜಿಬಿ ಬೇಕಿದ್ದರೆ 16ರ ಒಂದು ಕಡ್ಡಿಗಿಂತ 8ರ ಜೋಡಿ ಕೊಂಡರೆ ಆಟ ಸರಾಗ. ಎರಡು ಕೈಯಲ್ಲಿ ಕೆಲಸ ಮಾಡಿದ ಹಾಗೆ! ನಾಲ್ಕು ಜಾಗವಿರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಜೋಡಿಯನ್ನು ಹಾಕಬೇಕು.

ಇನ್ನೊಂದು ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಎಐ ಡಾಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೆಚ್ಚು ಹೆಚ್ಚು ಹೋಗತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಕಳೆದ ವರ್ಷದ ಕೊಟೇಷನ್ ನಂಬಿ ಬಜೆಟ್ ಹಾಕಬೇಡಿ. ಚಿನ್ನದ ಹಾಗೆ, ಹೊರಡುವ ದಿನದ ದರ ಕೇಳಿಕೊಂಡು ಹೋಗಿ.

‘ಎಫ್’ ಅಕ್ಷರದ ಮೇಲೆ ಕಣ್ಣಿರಲಿ

ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ, ಅಂದರೆ 12400ಎಫ್, 7500ಎಫ್ ಥರ, ಅದರಲ್ಲಿ ಚಿತ್ರ ತೋರಿಸುವ ಶಕ್ತಿ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ‘ಈಗ ಇಷ್ಟು ತಗೊಳ್ಳೋಣ, ಕಾರ್ಡ್ ದೀಪಾವಳಿಗೆ ನೋಡೋಣ’ ಎನ್ನುವ ಮನೆಯವರು ‘ಎಫ್’ ಇರುವುದನ್ನು ತಂದರೆ ದೀಪಾವಳಿಯವರೆಗೆ ಕಪ್ಪು ಪರದೆಯೇ ಗತಿ!

ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಆ ಕಾರ್ಡಿಗೇ ಚುಚ್ಚಬೇಕು, ಮದರ್‌ಬೋರ್ಡಿಗಲ್ಲ. ‘ಅಷ್ಟು ದುಡ್ಡು ಕೊಟ್ಟರೂ ಗೇಮ್ ಓಡ್ತಿಲ್ಲ’ ಅಂತ ಗೋಳಾಡುವ ಎಷ್ಟೋ ಮನೆಗಳಲ್ಲಿ ತಪ್ಪು ಇಷ್ಟೇ ಆಗಿರುತ್ತದೆ.

ಎಸ್‌ಎಂಪಿಎಸ್: ಇಲ್ಲಿ ಕಂಜೂಸಿ ಬೇಡ

ಕರೆಂಟನ್ನು ಎಲ್ಲ ಭಾಗಗಳಿಗೂ ಹಂಚುವ ಡಬ್ಬಿ ಇದು. ಹೊರಗೆ ಕಾಣುವುದಿಲ್ಲ, ಬಣ್ಣದ ದೀಪ ಇರುವುದಿಲ್ಲ. ಹಾಗಾಗಿ ಬಜೆಟ್ ಮೀರಿದಾಗ ಮಕ್ಕಳ ಕತ್ತರಿ ಮೊದಲು ಬೀಳುವುದು ಇದಕ್ಕೇ. ನೀವು ಅಮ್ಮನಾಗಿ ಗಟ್ಟಿಯಾಗಿ ನಿಲ್ಲಬೇಕಾದ ಜಾಗವೂ ಇದೇ. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ತಾನೊಂದೇ ಹೋಗದೆ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು.

ಎಷ್ಟು ವ್ಯಾಟ್ ಬೇಕು ಎಂಬುದನ್ನು ಗ್ರಾಫಿಕ್ಸ್ ಕಾರ್ಡ್ ನಿರ್ಧರಿಸುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಕಾರ್ಡ್ ಎಳೆಯುವುದು 145 ವ್ಯಾಟ್. ಅದಕ್ಕೆ 550 ವ್ಯಾಟ್‌ನ ಎಸ್‌ಎಂಪಿಎಸ್ ಇರಲಿ ಎಂದು ಕಂಪನಿಯೇ ಹೇಳುತ್ತದೆ. ಆರ್‌ಟಿಎಕ್ಸ್ 5070 ಆದರೆ 250 ವ್ಯಾಟ್, ಅದಕ್ಕೆ 650ರ ಡಬ್ಬಿ. ಡಬ್ಬಿಯ ಮೇಲೆ ‘80 ಪ್ಲಸ್’ ಗುರುತು ನೋಡಿ. ಎಳೆದುಕೊಂಡ ಕರೆಂಟಿನಲ್ಲಿ ಶೇ 80ಕ್ಕಿಂತ ಕಡಿಮೆಯಾಗದಷ್ಟು ಕೆಲಸಕ್ಕೆ ಬರುತ್ತದೆ ಎಂಬ ಪರೀಕ್ಷೆಯ ಗುರುತು ಅದು. ಗುರುತೊಂದೇ ಸಾಲದು, ಹೆಸರುವಾಸಿ ಕಂಪನಿ, ಹೆಚ್ಚು ವರ್ಷದ ವಾರಂಟಿ ಎರಡನ್ನೂ ನೋಡಿ. ಕಾರ್ಡಿಗೆ ಬೇಕಾದ ವೈರಿನ ತುದಿ ಇದೆಯೇ ಎಂಬುದನ್ನೂ ಕೇಳಿ. ದೊಡ್ಡ ಕಾರ್ಡುಗಳಿಗೆ ಈಗ 16 ಪಿನ್ನಿನ ಹೊಸ ಬಗೆಯ ತುದಿ ಬೇಕಾಗುತ್ತದೆ.

ಕ್ಯಾಬಿನೆಟ್: ಟೇಪು ಹಿಡಿಯಿರಿ

ಹೊಸ ಫ್ರಿಜ್ ತರುವ ಮುನ್ನ ಅಡುಗೆಮನೆಯ ಮೂಲೆ ಅಳೆಯುತ್ತೀರಲ್ಲ, ಹಾಗೇ ಇದು. ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಮೂರು ಅಳತೆ. ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಚಿಕ್ಕ ಬೋರ್ಡ್ ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರದು. ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರ್‌ನ ಎತ್ತರ ಎಷ್ಟಿರಬಹುದು ಎಂಬುದನ್ನು ಕ್ಯಾಬಿನೆಟ್ ಕಂಪನಿ ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತದೆ. ಮುಂಭಾಗ ಪೂರ್ತಿ ಗಾಜಿನದಕ್ಕಿಂತ ಜಾಲರಿ ಇರುವುದು ನಮ್ಮ ಬೇಸಿಗೆಗೆ ಮೇಲು.

ಕೂಲರ್ ಬೇರೆ ಕೊಳ್ಳಬೇಕೇ ಎಂಬುದನ್ನೂ ವಿಚಾರಿಸಿ. ರೈಜನ್ 5 7600ರ ಡಬ್ಬಿಯಲ್ಲೇ ಕೂಲರ್ ಬರುತ್ತದೆ, 7600ಎಕ್ಸ್‌ನಲ್ಲಿ ಬರುವುದಿಲ್ಲ. ಒಂದು ಅಕ್ಷರಕ್ಕೆ ಒಂದು ಖರ್ಚು!

ಈಗ ನೀವೇ ಕಲ್ಲು ಆರಿಸಿ

ಮಗ ಈ ಪಟ್ಟಿ ತಂದಿದ್ದಾನೆ ಅಂದುಕೊಳ್ಳಿ: ರೈಜನ್ 5 7600 ಪ್ರೊಸೆಸರ್, ಬಿ550 ಮೈಕ್ರೋ ಎಟಿಎಕ್ಸ್ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 5060 ಕಾರ್ಡ್, ಹೆಸರಿಲ್ಲದ 450 ವ್ಯಾಟ್ ಎಸ್‌ಎಂಪಿಎಸ್, ಮಿನಿ ಐಟಿಎಕ್ಸ್ ಕ್ಯಾಬಿನೆಟ್.

ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ನೋಡಿ. 7600ಕ್ಕೆ ಎಎಂ5 ಸಾಕೆಟ್, ಬಿ550 ಬೋರ್ಡಿಗೆ ಎಎಂ4. ಕೂಡುವುದಿಲ್ಲ. 450 ವ್ಯಾಟ್ ಸಾಲದು. 170ರ ಪೆಟ್ಟಿಗೆಯಲ್ಲಿ 244ರ ಬೋರ್ಡ್ ಹಿಡಿಸದು. ಸಿಕ್ಕವಲ್ಲ ಮೂರು ಕಲ್ಲು?

ಸರಿಪಡಿಸುವುದರಲ್ಲೂ ಜಾಣತನವಿದೆ. 7600 ಉಳಿಸಿಕೊಂಡರೆ ಬೋರ್ಡ್, ರ‍್ಯಾಮ್ ಎರಡನ್ನೂ ಬದಲಿಸಬೇಕು. ಬಿ650 ಬೋರ್ಡ್, ಡಿಡಿಆರ್5 ರ‍್ಯಾಮ್ ತರಬೇಕು. ಅದರ ಬದಲು ಪ್ರೊಸೆಸರ್ ಒಂದನ್ನೇ ರೈಜನ್ 5 5600ಕ್ಕೆ ಇಳಿಸಿದರೆ ಬಿ550 ಬೋರ್ಡೂ ಡಿಡಿಆರ್4 ರ‍್ಯಾಮೂ ಹಾಗೇ ನಡೆಯುತ್ತವೆ, ಖರ್ಚೂ ತಗ್ಗುತ್ತದೆ. ಆದರೆ ಎಎಂ4 ಹಳೆಯ ಸಾಕೆಟ್. ನಾಲ್ಕು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸಿ ಮೇಲೇರುವ ಅವಕಾಶ ಎಎಂ5ನಲ್ಲೇ ಹೆಚ್ಚು. ಈಗಿನ ಉಳಿತಾಯವೋ, ಮುಂದಿನ ಅನುಕೂಲವೋ? ಇದನ್ನು ಮಗುವಿನ ಜೊತೆ ಕುಳಿತು ನೀವೇ ತೀರ್ಮಾನಿಸಿ.

ಪಟ್ಟಿಯಲ್ಲಿ ಇಲ್ಲದ ಖರ್ಚು

* ಮಾನಿಟರ್: 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸದು. ದುಬಾರಿ ಕಾರ್ಡಿನ ಮುಂದೆ ಹಳೇ ಮಾನಿಟರ್ ಇಟ್ಟರೆ ಕಾರ್ಡಿನ ದುಡ್ಡು ಅರ್ಧ ದಂಡ.

* ವಿಂಡೋಸ್: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಸಲಿ ಲೈಸೆನ್ಸ್ ಲೆಕ್ಕದಲ್ಲಿದೆಯೇ, ಕೇಳಿ.

* ಯುಪಿಎಸ್: 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್‌ನಷ್ಟನ್ನೇ ಹೊರುವುದು. ಮೇಲಿನ ಬಗೆಯ ಕಂಪ್ಯೂಟರ್ ಆಟದ ವೇಳೆ ಮಾನಿಟರ್ ಸೇರಿ ಸುಮಾರು 300 ವ್ಯಾಟ್ ಎಳೆಯಬಹುದು. 1000 ವಿಎ ಇದ್ದರೆ ನಿಶ್ಚಿಂತೆ. ಅಂದ ಹಾಗೆ, 300 ವ್ಯಾಟ್‌ನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಕರೆಂಟ್ ಬಿಲ್ ನೋಡುವವರು ನೀವೇ ತಾನೆ?

* ಹಳೆಯದರಲ್ಲಿ ಉಳಿಯುವವು: ಕೀಬೋರ್ಡ್, ಮೌಸ್, ಸ್ಪೀಕರ್, ಚೆನ್ನಾಗಿದ್ದರೆ ಸಾಟಾ ಹಾರ್ಡ್‌ಡಿಸ್ಕ್. ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡವೇ ಬೇಡ.

ಅಂಗಡಿಯಲ್ಲಿ ನಿಂತಾಗ

ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಇದ್ದೇ ಇದೆ. ಒಂದೇ ಪಟ್ಟಿಗೆ ಮೂರು ಅಂಗಡಿಯಲ್ಲಿ ಕೊಟೇಷನ್ ಬರೆಯಿಸಿ. ಬೇರೆ ಊರಿನವರು ಆನ್‌ಲೈನ್ ದರ ನೋಡಿಕೊಂಡು ಊರಿನ ಅಂಗಡಿಯವರ ಬಳಿ ಚೌಕಾಸಿ ಮಾಡಬಹುದು. ಕೊಟೇಷನ್ನಿನಲ್ಲಿ ‘550 ವ್ಯಾಟ್ ಎಸ್‌ಎಂಪಿಎಸ್’ ಅಂತಷ್ಟೇ ಬರೆದಿದ್ದರೆ ಒಪ್ಪಬೇಡಿ. ಕಂಪನಿ, ಮಾಡೆಲ್ ಎರಡೂ ಬೇಕು. ‘ಅದು ಸ್ಟಾಕ್ ಇಲ್ಲ ಮೇಡಂ, ಇದು ಅದಕ್ಕಿಂತ ಬೆಸ್ಟು’ ಅಂದರೆ ದುಡ್ಡು ಕೊಡದೆ ಮನೆಗೆ ಬನ್ನಿ. ಒಂದು ಬದಲಾದರೆ ಮ್ಯಾಚಿಂಗ್ ಎಲ್ಲ ಮತ್ತೊಮ್ಮೆ ನೋಡಬೇಕು.

ಜಿಎಸ್‌ಟಿ ಬಿಲ್ ತಪ್ಪದೆ ತೆಗೆದುಕೊಳ್ಳಿ. ಅದರಲ್ಲಿ ಒಂದೊಂದರ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಒಂದೊಂದಕ್ಕೆ ಒಂದೊಂದು ಅವಧಿ ಇರುವುದರಿಂದ ಡಬ್ಬಿಗಳನ್ನು ರದ್ದಿಗೆ ಹಾಕದೆ ಅಟ್ಟದ ಮೇಲಿಡಿ. ಜೋಡಿಸುವ ಕೂಲಿ ಎಷ್ಟು, ಆನ್ ಮಾಡಿ ತೋರಿಸಿ ಕೊಡುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿ.

ಇಷ್ಟೆಲ್ಲ ನೀವೊಬ್ಬರೇ ಮಾಡಬೇಕೆಂದಿಲ್ಲ. ‘ಈ ಬೋರ್ಡೇ ಯಾಕೆ? ಇದಕ್ಕೆ ಈ ರ‍್ಯಾಮ್ ಕೂರುತ್ತಾ?’ ಎಂದು ನೀವು ಕೇಳುತ್ತಾ ಹೋಗಿ, ಮಕ್ಕಳು ಹುಡುಕಿ ಉತ್ತರ ತರಲಿ. ಉತ್ತರ ಗೊತ್ತಿಲ್ಲದ ಸಾಲಿಗೆ ದುಡ್ಡು ಇಲ್ಲ ಎಂಬ ನಿಯಮ ಮೊದಲೇ ಇರಲಿ. ಮನೆಯ ದುಡ್ಡು ಖರ್ಚು ಮಾಡುವ ಮುನ್ನ ಕಾರಣ ಹೇಳಬೇಕು ಅಂತ ಅವರು ಕಲಿಯುತ್ತಾರೆ. ಬಾಗಿಲು ಹಾಕಿಕೊಂಡು ಮೊಬೈಲ್ ಒತ್ತುವ ಮಗ ನಿಮ್ಮ ಪಕ್ಕ ಕುಳಿತು ಒಂದು ಗಂಟೆ ಮಾತಾಡುತ್ತಾನೆ. ಆಟ ಎಷ್ಟು ಹೊತ್ತು, ಓದು ಎಷ್ಟು ಹೊತ್ತು ಎಂಬ ಮಾತನ್ನೂ ಅದೇ ಸಮಯದಲ್ಲಿ ಮುಗಿಸಿಬಿಡಿ. ಪಟ್ಟಿ ನಿಮ್ಮ ಕೈಯಲ್ಲಿರುವಾಗ ಅವರು ಒಪ್ಪುವಷ್ಟು ಬೇಗ ಕಂಪ್ಯೂಟರ್ ಮನೆಗೆ ಬಂದ ಮೇಲೆ ಒಪ್ಪುವುದಿಲ್ಲ!