ಆ್ಯಪ್ ಪುಕ್ಕಟೆಯೋ, ಮುಕ್ತವೋ? ಗುರುತಿಸುವುದು ಹೀಗೆ

ಹೋದ ವರ್ಷ ಮುಂಗಾರಿಗೆ ಮುಂಚೆ ನನ್ನ ತೋಟದ ಎರಡು ವರ್ಷದ ಲೆಕ್ಕ ಒಂದೇ ದಿನದಲ್ಲಿ ಹೋಯಿತು. ಫೋನ್ ಕಳೆದಿರಲಿಲ್ಲ, ಕೆಟ್ಟಿರಲೂ ಇಲ್ಲ. ಜೀವಾಮೃತ ಕೊಟ್ಟ ದಿನ, ಹಾಕಿದ ಬೇವಿನ ಹಿಂಡಿ, ಬೀಜದ ರಸೀದಿಯ ಫೋಟೊ, ಎಲ್ಲವನ್ನೂ ಒಂದು ಆ್ಯಪ್‌ನಲ್ಲಿ ಬರೆದಿಡುತ್ತಿದ್ದೆ. ಕಂಪನಿಯವರು ಆ್ಯಪ್ ನಿಲ್ಲಿಸಿಬಿಟ್ಟರು.

ಸಾವಯವ ದೃಢೀಕರಣಕ್ಕೆ ಬರುವವರು ಕೇಳುವುದೇ ಈ ದಾಖಲೆ. ತೆಂಗು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ 3 ವರ್ಷ. ಅದರಲ್ಲಿ 2 ವರ್ಷದ ದಾಖಲೆ ಇಲ್ಲ ಅಂದ್ರೆ ಏನು ಗತಿ ಅಂತ ನೀವೇ ಯೋಚಿಸಿ. ಕೊನೆಗೆ ಕೈಹಿಡಿದದ್ದು ಅಮ್ಮ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್. ಗೊಬ್ಬರ ಹಾಕಿದ ದಿನವನ್ನೂ ಅಮ್ಮ ಅದರಲ್ಲೇ ಗುರುತು ಮಾಡಿದ್ದರಿಂದ ಅರ್ಧದಷ್ಟು ವಾಪಸ್ ಸಿಕ್ಕಿತು.

ಆ ಆ್ಯಪ್‌ಗೆ ಒಂದು ರೂಪಾಯಿಯೂ ಕೊಟ್ಟಿರಲಿಲ್ಲ, 'ಫ್ರೀ' ಅಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಫ್ರೀ ಅಂದರೆ ದುಡ್ಡಿಲ್ಲದ್ದು ಅಂತಲೂ ಹೌದು, ಸ್ವತಂತ್ರವಾದದ್ದು ಅಂತಲೂ ಹೌದು. ಕನ್ನಡದಲ್ಲಿ ಈ ಗೊಂದಲ ಇಲ್ಲ. ಒಂದು ಪುಕ್ಕಟೆ, ಇನ್ನೊಂದು ಮುಕ್ತ.

ಬೀಜದ ಲೆಕ್ಕದಲ್ಲಿ ನೋಡಿ. ಹೈಬ್ರಿಡ್ ಟೊಮೆಟೊ ಬೀಜ ಯಾರೋ ಪುಕ್ಕಟೆ ಕೊಟ್ಟರೂ ಮುಂದಿನ ವರ್ಷಕ್ಕೆ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರಲ್ಲ. ನಾಟಿ ಬದನೆ ಬೀಜವನ್ನು ದುಡ್ಡು ಕೊಟ್ಟು ತಂದರೂ ಎತ್ತಿಡಬಹುದು, ಪಕ್ಕದ ಮನೆಗೆ ಕೊಡಬಹುದು, ಒಳ್ಳೆ ಗಿಡ ಆರಿಸಿ ಸುಧಾರಿಸಬಹುದು. ಮುಕ್ತ ತಂತ್ರಾಂಶ ಈ ನಾಟಿ ಬೀಜದ ಹಾಗೆ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ ಈ ಚಳವಳಿ ಶುರುವಾಯಿತು. ಇದರಲ್ಲಿ ಬಳಸುವವರಿಗೆ ನಾಲ್ಕು ಸ್ವಾತಂತ್ರ್ಯ: ಯಾವ ಕೆಲಸಕ್ಕಾದರೂ ಬಳಸುವುದು, ಒಳಗಿನ ಕೋಡ್ ನೋಡಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು.

"ನನಗೆ ಕೋಡ್ ಓದಕ್ಕೆ ಬರಲ್ಲ, ನನಗೇನು ಲಾಭ?" ಅಂತೀರಾ? ನನಗೂ ಬರಲ್ಲ. ಆದರೆ ಮಾಡಿದವರು ಕೈಬಿಟ್ಟರೆ ಬೇರೆಯವರು ಮುಂದುವರಿಸಬಹುದು. ಓಪನ್‌ಆಫೀಸ್ ಒರಾಕಲ್ ಕಂಪನಿಯ ಕೈಸೇರಿದ ಮೇಲೆ, ಮುಂದೇನಾಗುತ್ತದೋ ಎಂದು ಆತಂಕಗೊಂಡ ಅದರ ಡೆವಲಪರ್‌ಗಳು 2010ರಲ್ಲಿ ಅದೇ ಕೋಡ್‌ನಿಂದ ಲಿಬ್ರೆಆಫೀಸ್ ಶುರು ಮಾಡಿದರು. ಇವತ್ತಿಗೂ ಅದು ನಡೆಯುತ್ತಿದೆ, ಕನ್ನಡದಲ್ಲೂ ಸಿಗುತ್ತದೆ.

ಗುರುತಿಸುವುದು ಹೇಗೆ?

1. ಆ್ಯಪ್‌ನ 'ಅಬೌಟ್' ಭಾಗದಲ್ಲಿ ಲೈಸೆನ್ಸ್ ಹೆಸರು ನೋಡಿ. ಜಿಪಿಎಲ್, ಅಪಾಚೆ, ಎಂಐಟಿ, ಮೊಜಿಲ್ಲಾ ಇವು ಮುಕ್ತ ಲೈಸೆನ್ಸ್‌ಗಳು. ಆದರೆ ಹುಷಾರು: 'ಓಪನ್ ಸೋರ್ಸ್ ಲೈಸೆನ್ಸಸ್' ಎಂಬ ಉದ್ದ ಪಟ್ಟಿ ಮುಕ್ತವಲ್ಲದ ಆ್ಯಪ್‌ಗಳಲ್ಲೂ ಇರುತ್ತದೆ. ಅದು ಒಳಗೆ ಬಳಸಿದ ಬಿಡಿಭಾಗಗಳ ಪಟ್ಟಿ, ಇಡೀ ಆ್ಯಪ್‌ನ ಲೈಸೆನ್ಸ್ ಅಲ್ಲ.

2. ಸೋರ್ಸ್ ಕೋಡ್‌ಗೆ ಲಿಂಕ್ ಇದೆಯಾ ನೋಡಿ. ಸಾಮಾನ್ಯವಾಗಿ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ಗೆ ಹೋಗುತ್ತದೆ. ಕೋಡ್ ಕಂಡರಷ್ಟೇ ಸಾಲದು, ಅಲ್ಲೂ ಲೈಸೆನ್ಸ್ ಇರಬೇಕು.

3. ಎಫ್-ಡ್ರಾಯ್ಡ್‌ನಲ್ಲಿ ಹುಡುಕಿ. ಅದು ಮುಕ್ತ ಆ್ಯಪ್‌ಗಳಿಗೆಂದೇ ಇರುವ ಭಂಡಾರ. ಬಳಕೆದಾರರಿಗೆ ಹಿಡಿಸದ ಅಂಶ ಇದ್ದರೆ ಅದನ್ನೂ ಅಲ್ಲಿ ಬರೆದಿರುತ್ತಾರೆ.

4. ಬೆಲೆ ನೋಡಿ ತೀರ್ಮಾನ ಮಾಡಬೇಡಿ. ವಾಟ್ಸಾಪ್ ಪುಕ್ಕಟೆ, ಆದರೆ ಮುಕ್ತವಲ್ಲ. ನಕ್ಷೆ ತೋರಿಸುವ ಆಸ್ಮಾಂಡ್ ಮುಕ್ತ, ಆದರೂ ಅದರ ಪೂರ್ತಿ ಸೌಲಭ್ಯಕ್ಕೆ ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೇಳುತ್ತಾರೆ.

ಒಂದು ಎಚ್ಚರಿಕೆ. ಎಫ್-ಡ್ರಾಯ್ಡ್ ಅನ್ನು ಅದರದ್ದೇ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. ಆಗ ಫೋನ್ ಕೇಳುವ ಅನುಮತಿಯನ್ನು ಇನ್‌ಸ್ಟಾಲ್ ಆದ ಮೇಲೆ ಬ್ರೌಸರ್‌ಗೆ ತೆಗೆದುಬಿಡಿ. ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರು ಹೊತ್ತು ಬರುವ ಎಪಿಕೆ ಫೈಲನ್ನಂತೂ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ದಾರಿ.

ಎಲ್ಲ ಆ್ಯಪ್ ಬಿಸಾಕಿ ಅಂತ ನಾನು ಹೇಳ್ತಿಲ್ಲ. ನಾನೂ ವಾಟ್ಸಾಪ್ ಬಳಸ್ತೀನಿ, ಬ್ಯಾಂಕ್ ಆ್ಯಪ್ ಬಳಸ್ತೀನಿ. ಆದರೆ ವರ್ಷಗಟ್ಟಲೆ ಉಳಿಯಬೇಕಾದ ದಾಖಲೆಯನ್ನು ನಮ್ಮ ಕೈಯಲ್ಲಿಲ್ಲದ ಜಾಗದಲ್ಲಿ ಇಡಬಾರದು. ಕೃಷಿ ದಾಖಲೆಗೆಂದೇ ಫಾರ್ಮ್‌ಓಎಸ್ ಎಂಬ ಮುಕ್ತ ತಂತ್ರಾಂಶ ಇದೆ. ಅದಕ್ಕೆ ಸರ್ವರ್ ಬೇಕು, ಒಬ್ಬ ರೈತನಿಗೆ ಕಷ್ಟ. ನಿಮ್ಮ ಎಫ್‌ಪಿಒದಲ್ಲಿ ಕಂಪ್ಯೂಟರ್ ಬಲ್ಲವರಿದ್ದರೆ ಎಲ್ಲರೂ ಸೇರಿ ನಡೆಸಬಹುದು.

ಸದ್ಯಕ್ಕೆ ನಾನು ಮಾಡುವುದು ಇಷ್ಟೇ. ದಿನದ ಲೆಕ್ಕ ನೋಟ್‌ಬುಕ್‌ನಲ್ಲಿ, ಭಾನುವಾರ ಅದು ಲಿಬ್ರೆಆಫೀಸ್ ಶೀಟ್‌ಗೆ, ತಿಂಗಳಿಗೊಮ್ಮೆ ಒಂದು ಪ್ರತಿ ಪೆನ್‌ಡ್ರೈವ್‌ಗೆ. ಮುಕ್ತ ತಂತ್ರಾಂಶವಾದರೂ ಫೋನ್ ಬಾವಿಗೆ ಬಿದ್ದರೆ ಲೆಕ್ಕ ಉಳಿಯಲ್ಲ, ಅದಕ್ಕೇ ಪ್ರತಿ ಬೇಕು.

ಈ ವಾರ ಒಂದು ಕೆಲಸ ಮಾಡಿ. ನೀವು ತೋಟದ ಲೆಕ್ಕ ಬರೆಯುವ ಆ್ಯಪ್ ತೆರೆದು 'ಎಕ್ಸ್‌ಪೋರ್ಟ್' ಇದೆಯಾ ನೋಡಿ. ಇದ್ದರೆ ಇವತ್ತೇ ಸಿಎಸ್‌ವಿ ಫೈಲ್ ಇಳಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಕ್ಯಾಲೆಂಡರ್‌ನಲ್ಲಾದರೂ ಬರೆಯಲು ಶುರು ಮಾಡಿ.