ಮುತ್ತುಗದ ಹೂವೂ ಬಣ್ಣದ ಹದವೂ

ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಾಡಿನಲ್ಲಿ ಬೇಸಗೆಯ ಮೊದಲಿಗೆ ಎಲೆಯುದುರಿಸಿ ಹೂತು ನಿಂತ ಮುತ್ತುಗವೊಂದನ್ನು ನಾವು ಡಿಜಿಟಲ್ ಕ್ಯಾಮರಾದಲ್ಲಿ ಸೆರೆಹಿಡಿದೆವೆಂದು ಇಟ್ಟುಕೊಳ್ಳೋಣ. ಚಿತ್ರವು ಸಪ್ಪೆಯಾಗಿ ತೋರಿದರೆ ಅದರ ವರ್ಣಸಾಂದ್ರತೆಯನ್ನು ಹೆಚ್ಚಿಸುವ ಆಸೆ ಸಹಜವೇ. ಆದರೆ ಆಗ ಚಿತ್ರದೊಳಗೆ ನಡೆಯುವುದೇನು?

ಸಾಮಾನ್ಯ ಡಿಜಿಟಲ್ ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು 0ಯಿಂದ 255ರವರೆಗಿನ ಅಂಕೆಗಳು ಸೂಚಿಸುತ್ತವೆ. ಮೂರೂ ಸಮವಾದರೆ ಬೂದುಬಣ್ಣ. ಅವುಗಳ ಅಂತರ ಹಿಗ್ಗಿದಷ್ಟೂ ಬಣ್ಣ ಗಾಢ. ಎಸಳಿನ ಒಂದು ಬಿಂದು 230, 90, 40 ಎಂದಿರಲಿ, ಸರಾಸರಿ 120. ಅದರಿಂದ ಕೆಂಪಿಗಿರುವ 110ರ ಅಂತರವನ್ನು ಒಂದೂವರೆ ಪಟ್ಟು ಮಾಡಿದರೆ ಕೆಂಪು 285 ಆಗಬೇಕು. ಆದರೆ ಅದು 255ನ್ನು ಮೀರಲಾರದೆ ಅಲ್ಲಿಯೇ ನಿಲ್ಲುವುದು. ಪಕ್ಕದ ಬಿಂದುವಿನ ಸರಾಸರಿ ಅಷ್ಟೇ ಇದ್ದು ಕೆಂಪು 215 ಆಗಿದ್ದರೂ ಅದೂ 255ನ್ನೇ ಮುಟ್ಟುವುದು. ಹೀಗೆ ಎಸಳಿನ ಮಡಿಕೆಗಳ, ನರಗಳ ಸೂಕ್ಷ್ಮ ಛಾಯಾಭೇದವು ಅಳಿಸಿಹೋಗುತ್ತದೆ. ಆ ಪ್ರತಿಯೊಂದನ್ನೇ ಉಳಿಸಿಕೊಂಡಿದ್ದರೆ, ಬಳಿಕ ಸಾಂದ್ರತೆಯನ್ನು ತಗ್ಗಿಸಿದರೂ ಕಳೆದುದು ಮರಳದು.

ಆದುದರಿಂದ ಮೂಲಚಿತ್ರವನ್ನು ಕಾದಿರಿಸಿ, ಅದರ ನಕಲಿನಲ್ಲಿಯೇ ತಿದ್ದಬೇಕು. ಕೆಂಪಿನ ಹಿಸ್ಟೋಗ್ರಾಮ್ ಬಲತುದಿಗೆ ಒತ್ತತೊಡಗಿದೊಡನೆ ಕೈ ತಡೆಯಬೇಕು. ಸಸ್ಯಶಾಸ್ತ್ರದ ವಿದ್ಯಾರ್ಥಿಯು ಚಿತ್ರದಿಂದಲೇ ಹೂವನ್ನು ಗುರುತಿಸಬೇಕಾದಾಗ ಈ ಎಚ್ಚರವು ಉಪಯೋಗಕ್ಕೆ ಬರುವುದು.