ಕೋಳಿಗೆ ಎಷ್ಟು ಅಂಗಳ ಬೇಕು?

ಕೋಳಿಯನ್ನು ಕಾಣದವರು ನಮ್ಮ ನಾಡಿನಲ್ಲಿ ಯಾರೂ ಇರಲಾರರು. ಆದರೆ ಅದು ಬೆಳಗಿನಿಂದ ಸಂಜೆಯ ತನಕ ಏನು ಮಾಡುತ್ತದೆಂಬುದನ್ನು ಕುಳಿತು ನೋಡಿದವರು ವಿರಳ. ಹಳ್ಳಿಯ ಮನೆಯಲ್ಲಿ ನಸುಕಿಗೆ ಮಂಕರಿಯನ್ನು ಎತ್ತಿದೊಡನೆ ಹೇಂಟೆ ಹೊರಗೆ ಬರುತ್ತದೆ. ರೆಕ್ಕೆಗಳನ್ನು ಪಟಪಟನೆ ಬಡಿದು, ಮೈಕೊಡವಿಕೊಂಡು, ನೇರವಾಗಿ ತಿಪ್ಪೆಯ ಕಡೆಗೆ ನಡೆಯುತ್ತದೆ. ಕಾಲಿನಿಂದ ಕೆದರುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು, ತಲೆ ಬಾಗಿಸಿ ನೋಡುವುದು, ಕುಕ್ಕುವುದು. ಈ ಕೆಲಸಕ್ಕೆ ಕೊನೆಯೆಂಬುದೇ ಇಲ್ಲ. ಬಿಸಿಲೇರಿದ ಮೇಲೆ ಬೇಲಿಯ ಬುಡದ ಒಣಮಣ್ಣಿನಲ್ಲಿ ಹೊರಳಾಟ. ಕತ್ತಲಾಗುವ ಮುನ್ನ ರಾತ್ರಿ ಕಳೆಯಲು ಎತ್ತರದ ತಾಣದ ಹುಡುಕಾಟ.

ಈ ಸ್ವಾತಂತ್ರ್ಯ ಇಂದು ಎಲ್ಲೆಡೆಯೂ ಸಾಧ್ಯವಿಲ್ಲ. ಊರು ಬೆಳೆದಿದೆ, ಬೀದಿಯಲ್ಲಿ ವಾಹನಗಳು, ನಾಯಿಗಳು, ಪಕ್ಕದಲ್ಲಿ ನೆರೆಯವರ ಹೂದೋಟ. ಹಿತ್ತಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಬೇಕೆನ್ನುವವರು ತಂತಿಬಲೆಯ ಆವರಣವನ್ನು ಕಟ್ಟುತ್ತಾರೆ. ಅದು ತಪ್ಪಲ್ಲ, ಮುಂಗುಸಿಯಿಂದಲೂ ಗಿಡುಗದಿಂದಲೂ ಅದು ಕೋಳಿಯನ್ನು ಕಾಯುತ್ತದೆ. ಆದರೆ ಬಯಲು ಪುಕ್ಕಟೆಯಾಗಿ ಕೊಡುತ್ತಿದ್ದುದನ್ನೆಲ್ಲ ಇನ್ನು ಮುಂದೆ ಕೊಡಬೇಕಾದವರು ಬಲೆ ಕಟ್ಟಿದವರೇ. ಕೊಡಬೇಕಾದುದು ಏನು, ಎಷ್ಟು? ಇದನ್ನು ಊಹೆಯಿಂದ ಹೇಳುವ ಅಗತ್ಯವಿಲ್ಲ. ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಕಾಡಿನ ಬುದ್ಧಿ

ನಮ್ಮ ಸಾಕುಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿ ಅದರ ದಾಯಾದಿ. ಅನೇಕ ಸಾಕುಕೋಳಿಗಳ ಕಾಲಿಗೆ ಹಳದಿ ಬಣ್ಣವನ್ನು ತಂದ ಜೀನು ಈ ದಾಯಾದಿಯಿಂದಲೇ ಬಂದುದೆಂದು 2008ರಲ್ಲಿ ತಿಳಿದುಬಂದಿತು. ಮನುಷ್ಯನ ಸಹವಾಸದಲ್ಲಿ ಕೋಳಿಯ ಮೈ ಬೆಳೆಯಿತು, ಮೊಟ್ಟೆಗಳ ಸಂಖ್ಯೆ ಹೆಚ್ಚಿತು. ನಡತೆ ಮಾತ್ರ ಬಹುಪಾಲು ಹಾಗೆಯೇ ಉಳಿಯಿತು.

ಆ ನಡತೆ ಎಂತಹುದು? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮೇರಿಯನ್ ಡಾಕಿನ್ಸ್ ಎಂಬ ವಿದುಷಿ ಮೃಗಾಲಯವೊಂದರಲ್ಲಿ ಸ್ವತಂತ್ರವಾಗಿ ಅಡ್ಡಾಡುತ್ತಿದ್ದ ಕೆಂಪು ಕಾಡುಕೋಳಿಗಳನ್ನು ನಿಮಿಷ ನಿಮಿಷವೂ ಗಮನಿಸಿ, 1989ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ನೋಡಿದ ನಿಮಿಷಗಳಲ್ಲಿ ನೂರಕ್ಕೆ ಸುಮಾರು 60ರಲ್ಲಿ ಹೇಂಟೆಗಳು ನೆಲವನ್ನು ಕುಕ್ಕುತ್ತಿದ್ದವು. ಸುಮಾರು 34ರಲ್ಲಿ ಕೆದರುತ್ತಿದ್ದವು. ಅವುಗಳಿಗೆ ಮೃಗಾಲಯದವರು ಆಹಾರವನ್ನು ಹಾಕುತ್ತಲೇ ಇದ್ದರು!

ಹೊಟ್ಟೆ ತುಂಬಿದ ಮೇಲೂ ಈ ದುಡಿಮೆ ಏಕೆ? ಡಂಕನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1972ರಲ್ಲಿ ಇದನ್ನೇ ಪರೀಕ್ಷಿಸಿದರು. ಕೋಳಿಯ ಮುಂದೆ ಒಂದೆಡೆ ಬಿಟ್ಟಿ ಆಹಾರ. ಇನ್ನೊಂದೆಡೆ ಗುಂಡಿಯನ್ನು ಕುಕ್ಕಿದರೆ ಮಾತ್ರ ಬೀಳುವ ಅದೇ ಆಹಾರ. ಕೋಳಿಗಳು ಬಿಟ್ಟಿಯದನ್ನು ಬಿಟ್ಟು, ತಮ್ಮ ಆಹಾರದ ಒಂದು ಭಾಗವನ್ನು ಕುಕ್ಕಿಯೇ ಪಡೆದವು. ಹುಡುಕಿ ತಿನ್ನುವುದು ಕೋಳಿಗೆ ತಿನ್ನುವುದಷ್ಟೇ ಮುಖ್ಯ.

ಕೋಳಿಯನ್ನೇ ಕೇಳಿದರು

ಕೋಳಿಯ ಸುಖವನ್ನು ನಮ್ಮ ಕಣ್ಣಿನಿಂದ ಅಳೆಯಹೊರಟರೆ ಮೋಸಹೋಗುತ್ತೇವೆ. 1964ರಲ್ಲಿ ರುತ್ ಹ್ಯಾರಿಸನ್ ಎಂಬ ಲೇಖಕಿ ಪಂಜರದ ಸಾಕಣೆಯ ಕಷ್ಟಗಳನ್ನು ತಮ್ಮ ಪುಸ್ತಕದಲ್ಲಿ ಬಯಲಿಗಿಟ್ಟಾಗ ಬ್ರಿಟಿಷ್ ಸರ್ಕಾರ ಬ್ರ್ಯಾಂಬೆಲ್ ಸಮಿತಿಯನ್ನು ನೇಮಿಸಿತು. ಪಂಜರದ ತಳಕ್ಕೆ ಹಾಕುವ ತೆಳುವಾದ ಷಟ್ಕೋನದ ಬಲೆ ಕೋಳಿಯ ಕಾಲಿಗೆ ಹಿತವಲ್ಲವೆಂದು 1965ರಲ್ಲಿ ಸಮಿತಿ ಅಭಿಪ್ರಾಯಪಟ್ಟಿತು. ಹ್ಯೂಸ್ ಮತ್ತು ಬ್ಲಾಕ್ 1973ರಲ್ಲಿ ಹಲವು ಬಗೆಯ ತಳಗಳನ್ನು ಒಟ್ಟಿಗೆ ಇಟ್ಟು, ಆಯ್ಕೆಯನ್ನು ಕೋಳಿಗಳಿಗೇ ಬಿಟ್ಟರು. ಕೋಳಿಗಳು ಮೆಚ್ಚಿದ್ದು ಆ ಷಟ್ಕೋನದ ಬಲೆಯನ್ನೇ! ಒತ್ತಾದ ತಂತಿಗಳಲ್ಲಿ ಪಾದಕ್ಕೆ ಹೆಚ್ಚು ಕಡೆ ಆಸರೆ ಸಿಗುತ್ತಿತ್ತು. ಪಂಡಿತರು ಸದುದ್ದೇಶದಿಂದಲೇ ತಪ್ಪಿದ್ದರು. ತಪ್ಪನ್ನು ತೋರಿಸಿದುದು ಪ್ರಯೋಗ.

ಡಾಕಿನ್ಸ್ ಅವರು ಇನ್ನೊಂದು ಅಳತೆಯನ್ನೂ ಮಾಡಿದರು. ಕೋಳಿಗಳ ಚಿತ್ರವನ್ನು ಮೇಲಿನಿಂದ ತೆಗೆದು, ಒಂದೊಂದು ಕೆಲಸಕ್ಕೂ ಮೈ ಎಷ್ಟು ನೆಲವನ್ನು ಮರೆಮಾಡುತ್ತದೆಂದು ಸಹೋದ್ಯೋಗಿಯೊಡನೆ ಲೆಕ್ಕಹಾಕಿದರು. ಸುಮ್ಮನೆ ನಿಂತ ಹೇಂಟೆಗೆ ಸರಾಸರಿ 475 ಚದರ ಸೆಂಟಿಮೀಟರು ಸಾಕು. ಕೆದರಲು 856, ಗರಿ ತೀಡಿಕೊಳ್ಳಲು 1,151, ಮೈ ತಿರುಗಿಸಲು 1,272, ರೆಕ್ಕೆ ಬಡಿಯಲು 1,876 ಚದರ ಸೆಂಟಿಮೀಟರು ಬೇಕು.

ಈ ಅಂಕಿಗಳನ್ನು ಕಣ್ಣಿಗೆ ತಂದುಕೊಳ್ಳಲು ಎ-4 ಅಳತೆಯ ಮೂರು ಹಾಳೆಗಳನ್ನು ನೆಲದ ಮೇಲೆ ಹಾಸಿರಿ. ಒಂದು ಹಾಳೆ ಸುಮಾರು 624 ಚದರ ಸೆಂಟಿಮೀಟರು. ಒಮ್ಮೆ ರೆಕ್ಕೆ ಬಡಿಯಲು ಕೋಳಿಗೆ ಮೂರು ಹಾಳೆಗಳೂ ಬೇಕು. ಯುರೋಪಿನ ಒಕ್ಕೂಟದಲ್ಲಿ ಮೊಟ್ಟೆಕೋಳಿಯ ಬರಿ ಪಂಜರಕ್ಕೆ ವಿಧಿಸಿದ್ದ ಕನಿಷ್ಠ ಜಾಗ ಒಂದು ಕೋಳಿಗೆ 550 ಚದರ ಸೆಂಟಿಮೀಟರು, ಅಂದರೆ ಒಂದು ಹಾಳೆಗಿಂತಲೂ ಕಡಿಮೆ. 2012ರಿಂದ ಅಂತಹ ಪಂಜರವನ್ನು ಅಲ್ಲಿ ನಿಷೇಧಿಸಲಾಗಿದೆ.

ಬಿಡುವಾದ ಕೊಕ್ಕಿನ ಕೇಡು

ಹಾಗಾದರೆ ಜಾಗವೊಂದಿದ್ದರೆ ಸಾಕೆ? ಸಾಲದು. ಗಾರೆ ಹಾಕಿದ ವಿಶಾಲವಾದ ಅಂಗಳದಲ್ಲಿ ನಿಂತ ಕೋಳಿಗೆ ಕೆದರಲು ಏನಿದೆ? ಕುಕ್ಕುವ ಪ್ರವೃತ್ತಿ ಮಾತ್ರ ಸುಮ್ಮನಿರುವುದಿಲ್ಲ. ನೆಲದಲ್ಲಿ ಕೆಲಸ ಸಿಗದ ಕೊಕ್ಕು ಪಕ್ಕದ ಕೋಳಿಯ ಗರಿಯ ಕಡೆ ತಿರುಗುತ್ತದೆ. ಮೊದಲು ಬೆನ್ನಿನ ಗರಿ ಉದುರುತ್ತದೆ. ಬಳಿಕ ಬರಿ ಚರ್ಮದಲ್ಲಿ ರಕ್ತ ಜಿನುಗುತ್ತದೆ. ರಕ್ತದ ಬಣ್ಣ ಕಂಡು ಉಳಿದವೂ ಕುಕ್ಕುತ್ತವೆ. ಒಮ್ಮೊಮ್ಮೆ ಇದು ಸಾವಿನಲ್ಲಿ ಮುಗಿಯುತ್ತದೆ. ಆಹಾರದ ಕೊರತೆ, ಹೇನು, ವಂಶಗುಣ ಮುಂತಾದ ಬೇರೆ ಕಾರಣಗಳೂ ಇದಕ್ಕೆ ಉಂಟು. ಆದರೆ ಕೆದರುವ ನೆಲವಿಲ್ಲದಿರುವುದು ಮುಖ್ಯ ಕಾರಣಗಳಲ್ಲೊಂದು. ದೊಡ್ಡ ಸಾಕಣೆಗಳಲ್ಲಿ ಇದನ್ನು ತಡೆಯಲು ಕೊಕ್ಕಿನ ತುದಿಯನ್ನೇ ಕತ್ತರಿಸುವುದುಂಟು. ಕೊಕ್ಕಿನಲ್ಲಿ ನರಗಳಿವೆ, ಕತ್ತರಿಸಿದರೆ ನೋಯುತ್ತದೆ. ಹಿತ್ತಲಿನಲ್ಲಿ ಸಾಕುವವರು ಕೊಕ್ಕಿಗೆ ಕತ್ತರಿಯ ಬದಲು ಕೆಲಸ ಕೊಡಬಹುದು.

ಧೂಳುಸ್ನಾನವೂ ಇಂತಹ ಒಂದು ಒಳಒತ್ತಡ. ಅನುಕೂಲವಿದ್ದರೆ ಕೋಳಿ ಸುಮಾರು ಎರಡು ದಿನಕ್ಕೊಮ್ಮೆ, ಹೆಚ್ಚಾಗಿ ಹಗಲಿನ ನಡುವೆ, ಅರ್ಧ ಗಂಟೆಯಷ್ಟು ಹೊತ್ತು ಮಣ್ಣಿನಲ್ಲಿ ಹೊರಳುತ್ತದೆ. ಗರಿಗಳ ಮೇಲಿನ ಹಳೆಯ ಜಿಡ್ಡನ್ನು ಧೂಳು ಹೀರುತ್ತದೆ; ಕೊಡವಿದಾಗ ಎರಡೂ ಉದುರುತ್ತವೆ. ಮಣ್ಣೇ ಇಲ್ಲದ ತಂತಿಯ ತಳದ ಮೇಲೂ ಕೋಳಿ ಮಲಗಿ, ಇಲ್ಲದ ಧೂಳನ್ನು ಮೈಗೆ ಎರಚಿಕೊಳ್ಳುವ ಅಭಿನಯ ಮಾಡುತ್ತದೆ.

ಇನ್ನು ಕೋಳಿಗಳೊಳಗಿನ ಮೇಲುಕೀಳು. ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕ್ರಮ ಒಂದಿದೆ ಎಂಬುದನ್ನು ಬಾಲ್ಯದಿಂದಲೇ ಕೋಳಿಗಳನ್ನು ನೋಡಿಕೊಂಡು ಬಂದ ನಾರ್ವೆಯ ಶೆಲ್ಡರಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ಲೋಕಕ್ಕೆ ತಿಳಿಸಿದರು. ಬಯಲಿನಲ್ಲಿ ಕೆಳಗಿನ ಕೋಳಿ ದೂರ ಸರಿದು ಪಾರಾಗುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದರೆ ಸರಿಯುವುದೆಲ್ಲಿಗೆ?

ಆವರಣವನ್ನು ಕಟ್ಟುವಾಗ

ಇವೆಲ್ಲವನ್ನೂ ಕೂಡಿಸಿ ನೋಡೋಣ. ಹಿತ್ತಲಿನ ಆವರಣದಲ್ಲಿ ಒಂದು ಕೋಳಿಗೆ 10 ಚದರ ಅಡಿ ನೆಲವಿರಬೇಕೆಂಬುದು ವಾಡಿಕೆಯ ಸಲಹೆ. ಅದು ರೆಕ್ಕೆ ಬಡಿಯಲು ಬೇಕಾದ ಜಾಗದ ಐದರಷ್ಟು. ಐದು ಕೋಳಿಗಳಿಗೆ 5 ಅಡಿ ಅಗಲ, 10 ಅಡಿ ಉದ್ದದ ಆವರಣವಾಯಿತು. ಇನ್ನೂ ದೊಡ್ಡದಾದರೆ ಒಳ್ಳೆಯದು.

ನೆಲಕ್ಕೆ ತರಗೆಲೆ, ಒಣಹುಲ್ಲು, ಭತ್ತದ ಹೊಟ್ಟನ್ನು ಗೇಣುದ್ದ ಹಾಸಿ, ಕಾಳಿನ ಒಂದು ಪಾಲನ್ನು ಅದರಲ್ಲಿ ಎರಚಿದರೆ ಅರ್ಧ ದಿನದ ಉದ್ಯೋಗವಾಗುತ್ತದೆ. ಹಾಸು ಒಣಗಿರಬೇಕು, ಒದ್ದೆಯಾದರೆ ಕಾಕ್ಸಿಡಿಯ ಎಂಬ ಏಕಕೋಶಜೀವಿ ಹೆಚ್ಚಿ, ಕರುಳಿನ ರೋಗ ಹರಡುತ್ತದೆ. ಮಳೆ ಬೀಳದ ಮೂಲೆಯಲ್ಲಿ ಮರಳು, ಒಣಮಣ್ಣು, ಒಲೆಯ ಬೂದಿ ಬೆರೆಸಿದ ಹೊರಳುಗುಂಡಿಯಿರಲಿ. ಕೂರಲು ಅಡ್ಡಗೋಲು ಬೇಕು. ತಲೆಗೆ 15 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಎಲ್ಲಕ್ಕೂ ಒಟ್ಟಿಗೆ ಕೂರಲು ಸಾಲುವಷ್ಟಿರಲಿ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟಕುವಂತೆ ತೂಗುಹಾಕಬಹುದು. ನಡುವೆ ಒಂದು ಹಲಗೆಯನ್ನೋ ಪೊದೆಯನ್ನೋ ಇಟ್ಟರೆ ದುರ್ಬಲ ಕೋಳಿಗೆ ಮರೆ ಸಿಗುತ್ತದೆ. ಆಹಾರ, ನೀರು ಎರಡು ಕಡೆ ಇದ್ದರೆ ಬಲಿಷ್ಠ ಕೋಳಿಯೊಂದೇ ಎರಡನ್ನೂ ಕಾಯಲಾರದು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ತೇಕುವುದೇ ಮೈ ತಂಪಿನ ಮುಖ್ಯ ಉಪಾಯ. ಆದುದರಿಂದ ನೆರಳು ಅವಶ್ಯಕ.

ಈ ಮಾತುಗಳನ್ನು ವಿದ್ಯಾರ್ಥಿಗಳು ನಂಬಿಕೆಯಿಂದ ಒಪ್ಪಬೇಕಾಗಿಲ್ಲ. ಮನೆಯಲ್ಲೋ ನೆರೆಯಲ್ಲೋ ಕೋಳಿಗಳಿದ್ದರೆ ಪೆನ್ಸಿಲು, ಕಾಗದ, ಗಡಿಯಾರ ಹಿಡಿದು ಒಂದು ಗಂಟೆ ದೂರದಲ್ಲಿ ಕುಳಿತುಕೊಳ್ಳಿ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಕೆದರುತ್ತಿರುವುವೆಷ್ಟು, ಸುಮ್ಮನೆ ನಿಂತಿರುವುವೆಷ್ಟು, ಇನ್ನೊಂದನ್ನು ಕುಕ್ಕುತ್ತಿರುವುವೆಷ್ಟು ಎಂದು ಬರೆದುಕೊಳ್ಳಿ. ಮರುದಿನ ಅದೇ ಆವರಣಕ್ಕೆ ಎರಡು ಮಂಕರಿ ತರಗೆಲೆ ಸುರಿದು, ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ. ಹೀಗೆ ಒಂದು ದಿನ ಎಲೆ ಹಾಕಿ, ಒಂದು ದಿನ ತೆಗೆದು, ಹಲವು ದಿನ ಎಣಿಸಿದರೆ ನಿಮ್ಮ ಲೆಕ್ಕಕ್ಕೆ ಬೆಲೆ ಬರುತ್ತದೆ. ಕೋಳಿಗೆ ಏನು ಬೇಕೆಂಬುದನ್ನು ಆ ಕಾಗದವೇ ಹೇಳುತ್ತದೆ.